ದೀರ್ಘಕಾಲೀನ ಕಾಯಿಲೆಗಳ ಚಿಕಿತ್ಸೆಯಲ್ಲಿ ತಿಳಿವಳಿಕೆಯ ಮಾತು: ಬಳಿಚಕ್ರ ಹೋಬಳಿಯ ನಾಗರಿಕರಿಗೆ ಮಾಹಿತಿ

ಪೀಠಿಕೆ

ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಕ್ಷಯ, ಅಪಸ್ಮಾರ, ಉಬ್ಬಸ, ಹೃದಯ ಮತ್ತು ಮೂತ್ರಪಿಂಡದ ಕಾಯಿಲೆಗಳು ಒಂದೆರಡು ದಿನಗಳ ಔಷಧದಿಂದ ವಾಸಿಯಾಗುವಂತಹವುಗಳಲ್ಲ. ಇವುಗಳಲ್ಲಿ ಕೆಲವಕ್ಕೆ ತಿಂಗಳುಗಟ್ಟಲೆ, ಕೆಲವಕ್ಕೆ ಜೀವನಪರ್ಯಂತ ಚಿಕಿತ್ಸೆ ಅಗತ್ಯವಿರುತ್ತದೆ. ಇಂತಹ ಕಾಯಿಲೆಯುಳ್ಳವರು ವೈದ್ಯರ ಎದುರಿನಲ್ಲಿ ಕುಳಿತುಕೊಳ್ಳುವುದು ತಿಂಗಳಿಗೊಮ್ಮೆ, ಅದೂ ಕೆಲವೇ ನಿಮಿಷಗಳ ಕಾಲ. ಉಳಿದ ದಿನಗಳಲ್ಲಿ ಔಷಧ ಸೇವಿಸುವವರು, ಪಥ್ಯ ಪಾಲಿಸುವವರು, ಅಪಾಯದ ಲಕ್ಷಣಗಳನ್ನು ಗುರುತಿಸಬೇಕಾದವರು ರೋಗಿ ಮತ್ತು ಅವರ ಮನೆಯವರೇ ಆಗಿರುತ್ತಾರೆ. ಆದುದರಿಂದ ಆಸ್ಪತ್ರೆಯಲ್ಲಿ ಆಡಿದ ಮಾತು ರೋಗಿಗೆ ತಿಳಿದಿದೆಯೇ ಎಂಬುದು ಔಷಧದಷ್ಟೇ ಮಹತ್ವದ್ದಾಗಿದೆ.

ದೀರ್ಘಕಾಲೀನ ಕಾಯಿಲೆಯ ರೋಗಿಗಳೊಂದಿಗೆ ವೈದ್ಯರು ಮತ್ತು ಆರೋಗ್ಯ ಸಿಬ್ಬಂದಿ ಹೇಗೆ ಮಾತನಾಡಬೇಕು, ರೋಗಿಗಳು ಏನನ್ನು ಕೇಳಿ ತಿಳಿಯಬಹುದು ಮತ್ತು ತಿಳಿವಳಿಕೆ ದೊರೆಯದಿದ್ದಲ್ಲಿ ಯಾರನ್ನು ಸಂಪರ್ಕಿಸಬಹುದು ಎಂಬುದನ್ನು ಯಾದಗಿರಿ ತಾಲ್ಲೂಕಿನ ಬಳಿಚಕ್ರ ಹೋಬಳಿ ಹಾಗೂ ಸುತ್ತಲಿನ ಗ್ರಾಮಗಳ ಸ್ಥಿತಿಗತಿಗಳನ್ನು ಗಮನದಲ್ಲಿರಿಸಿಕೊಂಡು ಇಲ್ಲಿ ವಿವರಿಸಲಾಗಿದೆ.

ಈ ಭಾಗದಲ್ಲಿ ಇದರ ಅಗತ್ಯ

ಯಾದಗಿರಿ ಜಿಲ್ಲೆಯು 2009ರ ಡಿಸೆಂಬರ್ 30ರಂದು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿತು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 11,74,271. ಅದೇ ಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83ರಷ್ಟಿದ್ದು, ಇದು ರಾಜ್ಯದ ಎಲ್ಲ ಜಿಲ್ಲೆಗಳ ಪೈಕಿ ಅತ್ಯಂತ ಕಡಿಮೆಯಾಗಿತ್ತು. ಮಹಿಳೆಯರ ಸಾಕ್ಷರತೆ ಇದಕ್ಕಿಂತಲೂ ಕಡಿಮೆಯಿತ್ತು. ಹೆಚ್ಚಾಗಿ ದೀರ್ಘಕಾಲೀನ ಕಾಯಿಲೆಗಳಿಗೆ ಒಳಗಾಗುವ ನಡುವಯಸ್ಸಿನವರು ಮತ್ತು ಹಿರಿಯರಲ್ಲಿ ಅನೇಕರು ಔಷಧ ಚೀಟಿಯನ್ನಾಗಲಿ, ಗುಳಿಗೆಯ ಪಟ್ಟಿಯ ಮೇಲಿನ ಹೆಸರನ್ನಾಗಲಿ ಓದಲಾರರು. ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಓದುಬಲ್ಲವರೂ ಅರ್ಥ ಮಾಡಿಕೊಳ್ಳುವುದು ಕಷ್ಟ. ಇಂತಹ ಸಂದರ್ಭದಲ್ಲಿ ಬಾಯಿಮಾತಿನಲ್ಲಿ ನೀಡುವ ವಿವರಣೆಯೇ ನಿಜವಾದ ಔಷಧ ಚೀಟಿಯಾಗಿರುತ್ತದೆ.

ಇದರೊಂದಿಗೆ ಭಾಷೆಯ ಅಂಶವನ್ನೂ ಗಮನಿಸಬೇಕಾಗಿದೆ. ತೆಲಂಗಾಣದ ಗಡಿಗೆ ಹೊಂದಿಕೊಂಡಿರುವ ಈ ಜಿಲ್ಲೆಯಲ್ಲಿ ಕನ್ನಡದ ಜೊತೆಗೆ ಉರ್ದು, ತೆಲುಗು ಮತ್ತು ಲಂಬಾಣಿ ಮಾತನಾಡುವ ಕುಟುಂಬಗಳಿವೆ. ಕೃಷಿ ಕೆಲಸ ಇಲ್ಲದ ತಿಂಗಳುಗಳಲ್ಲಿ ಕಟ್ಟಡ ಕೆಲಸಕ್ಕಾಗಿ ಬೆಂಗಳೂರು, ಹೈದರಾಬಾದ್, ಮುಂಬಯಿ, ಪುಣೆಗಳಿಗೆ ಗುಳೆ ಹೋಗುವ ಕುಟುಂಬಗಳೂ ಬಹಳಷ್ಟಿವೆ. ಗುಳೆ ಹೋಗುವ ರೋಗಿಗೆ ಮೊದಲೇ ತಿಳಿವಳಿಕೆ ನೀಡದಿದ್ದಲ್ಲಿ ಚಿಕಿತ್ಸೆ ಅರ್ಧದಲ್ಲಿಯೇ ನಿಲ್ಲುವ ಸಂಭವವಿರುತ್ತದೆ.

ಈ ಸಮಸ್ಯೆ ಒಂದು ಜಿಲ್ಲೆಗೆ ಮಾತ್ರ ಸೀಮಿತವಾದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿದೆ. ದೀರ್ಘಕಾಲೀನ ಕಾಯಿಲೆಯುಳ್ಳವರಲ್ಲಿ ಸೂಚಿಸಿದ ರೀತಿಯಲ್ಲಿ ಔಷಧ ಸೇವಿಸುವವರು ಮುಂದುವರಿದ ರಾಷ್ಟ್ರಗಳಲ್ಲಿಯೂ ಸರಾಸರಿ ಅರ್ಧದಷ್ಟು ಮಾತ್ರವೆಂದು ವಿಶ್ವ ಆರೋಗ್ಯ ಸಂಸ್ಥೆಯು 2003ರ ತನ್ನ ವರದಿಯಲ್ಲಿ ತಿಳಿಸಿತ್ತು. ವಿವಿಧ ದೇಶಗಳ ವೈದ್ಯರು ಪ್ರತಿ ರೋಗಿಗೆ ನೀಡುವ ಸಮಯವನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರತದ ಪ್ರಾಥಮಿಕ ಹಂತದ ತಪಾಸಣೆಗೆ ದೊರೆಯುವ ಸಮಯ ಸುಮಾರು 2 ನಿಮಿಷವೆಂದು ಕಂಡುಬಂದಿತು. ಇಷ್ಟು ಕಡಿಮೆ ಸಮಯದಲ್ಲಿ ಯಾವ ಮಾತನ್ನು ಬಿಡಬಹುದು, ಯಾವ ಮಾತನ್ನು ಬಿಡಬಾರದು ಎಂಬುದನ್ನು ಸಿಬ್ಬಂದಿಯೂ ರೋಗಿಗಳೂ ಅರಿತಿರುವುದು ಅವಶ್ಯಕ.

ತಿಳಿಸದೇ ಬಿಟ್ಟ ಮಾತಿನಿಂದ ಆಗುವ ಹಾನಿ

ಔಷಧ ನಿಲ್ಲಿಸಿದ ರೋಗಿಯನ್ನು ನಿರ್ಲಕ್ಷ್ಯ ಮಾಡಿದವರೆಂದು ಭಾವಿಸುವುದು ವಾಡಿಕೆಯಲ್ಲಿದೆ. ಆದರೆ ಅನೇಕ ಪ್ರಕರಣಗಳಲ್ಲಿ ಒಂದು ಸಣ್ಣ ವಿವರವನ್ನು ಯಾರೂ ತಿಳಿಸದಿರುವುದೇ ಅದಕ್ಕೆ ಕಾರಣವಾಗಿರುತ್ತದೆ. ಕೆಲವು ಉದಾಹರಣೆಗಳನ್ನು ಈ ಕೆಳಗೆ ನೀಡಲಾಗಿದೆ.

1. ಕ್ಷಯರೋಗ: ಚಿಕಿತ್ಸೆಯಲ್ಲಿ ನೀಡುವ ರಿಫಾಂಪಿಸಿನ್ ಎಂಬ ಔಷಧದಿಂದ ಮೂತ್ರದ ಬಣ್ಣ ಕೇಸರಿ ಅಥವಾ ಕೆಂಪಾಗುತ್ತದೆ. ಇದು ಅಪಾಯಕಾರಿಯಲ್ಲ. ಮೊದಲ ದಿನವೇ ಈ ವಿಷಯವನ್ನು ತಿಳಿಸದಿದ್ದಲ್ಲಿ ರೋಗಿಯು ಮೂತ್ರದಲ್ಲಿ ರಕ್ತ ಹೋಗುತ್ತಿದೆಯೆಂದು ಹೆದರಿ ಗುಳಿಗೆ ನಿಲ್ಲಿಸಬಹುದು. ಅದೇ ರೀತಿ, ಚಿಕಿತ್ಸೆ ಆರಂಭಿಸಿದ ಕೆಲವು ವಾರಗಳಲ್ಲಿ ಕೆಮ್ಮು ಮತ್ತು ಜ್ವರ ಕಡಿಮೆಯಾದಾಗ ರೋಗ ವಾಸಿಯಾಯಿತೆಂದು ತಿಳಿಯುವವರಿದ್ದಾರೆ. ಸಾಮಾನ್ಯ ಕ್ಷಯಕ್ಕೆ ಕನಿಷ್ಠ 6 ತಿಂಗಳ ಚಿಕಿತ್ಸೆ ಅಗತ್ಯವಿದ್ದು, ಅರ್ಧದಲ್ಲಿ ನಿಲ್ಲಿಸಿದರೆ ಔಷಧಕ್ಕೆ ಬಗ್ಗದ ಕ್ಷಯವಾಗಿ ಪರಿಣಮಿಸುವ ಅಪಾಯವಿದೆ.

2. ಅಧಿಕ ರಕ್ತದೊತ್ತಡ: ಈ ಕಾಯಿಲೆಯಲ್ಲಿ ಬಹುತೇಕ ಯಾವುದೇ ನೋವು ಕಾಣಿಸುವುದಿಲ್ಲ. ಮಾಪನದಲ್ಲಿ ರಕ್ತದೊತ್ತಡ ಸರಿಯಾಗಿದೆ ಎಂದು ಹೇಳಿದಾಗ ರೋಗಿಯು ಇನ್ನು ಗುಳಿಗೆ ಬೇಡವೆಂದು ಅರ್ಥೈಸಿಕೊಳ್ಳಬಹುದು. ಗುಳಿಗೆಯ ಫಲವಾಗಿಯೇ ಅದು ಸರಿಯಾಗಿದೆ, ನಿಲ್ಲಿಸಿದರೆ ಮತ್ತೆ ಏರುತ್ತದೆ ಎಂಬ ಒಂದು ವಾಕ್ಯವನ್ನು ಸೇರಿಸಿ ಹೇಳಬೇಕು. ದಿನವೂ ಗುಳಿಗೆ ನುಂಗಿದರೆ ಮೂತ್ರಪಿಂಡ ಕೆಡುತ್ತದೆ ಎಂಬ ಭಯವೂ ಜನರಲ್ಲಿದೆ. ಮೂತ್ರಪಿಂಡವನ್ನು ಕೆಡಿಸುವ ಪ್ರಮುಖ ಕಾರಣಗಳಲ್ಲಿ ಹತೋಟಿಯಲ್ಲಿಲ್ಲದ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳು ಸೇರಿವೆ ಎಂಬುದನ್ನು ಸ್ಪಷ್ಟಪಡಿಸುವುದು ಅಗತ್ಯ.

3. ಸಕ್ಕರೆ ಕಾಯಿಲೆ: "ಸಕ್ಕರೆ ತಿನ್ನಬೇಡಿ" ಎಂದಷ್ಟೇ ಹೇಳಿದರೆ ರೋಗಿಯು ಚಹಾಕ್ಕೆ ಬೆಲ್ಲ ಹಾಕಿಕೊಳ್ಳಬಹುದು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಜೋಳದ ರೊಟ್ಟಿ ಒಳ್ಳೆಯದೆಂದು ಹೇಳಿದರೆ ಸಾಲದು, ಒಂದು ಊಟಕ್ಕೆ ಎಷ್ಟು ರೊಟ್ಟಿ, ಅದರೊಂದಿಗೆ ಎಷ್ಟು ಪಲ್ಯ ಮತ್ತು ಬೇಳೆ ಎಂಬುದನ್ನೂ ತಿಳಿಸಬೇಕು. ಕೆಲವು ಗುಳಿಗೆಗಳನ್ನು ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಂಶ ಅಪಾಯಕಾರಿಯಾಗಿ ಇಳಿಯುತ್ತದೆ. ಶ್ರಾವಣದ ಉಪವಾಸ, ರಂಜಾನ್ ರೋಜಾ ಮುಂತಾದ ಸಂದರ್ಭಗಳಲ್ಲಿ ಔಷಧದ ಪ್ರಮಾಣವನ್ನು ಹೇಗೆ ಬದಲಿಸಬೇಕೆಂದು ಮುಂಚಿತವಾಗಿಯೇ ವೈದ್ಯರಿಂದ ತಿಳಿದುಕೊಳ್ಳತಕ್ಕದ್ದು.

4. ಹೊತ್ತಿನ ಲೆಕ್ಕ: ದಿನಕ್ಕೆ ಮೂರು ಬಾರಿ ಎಂದು ಬರೆದ ಗುಳಿಗೆಯನ್ನು ಹತ್ತಿ ಅಥವಾ ತೊಗರಿ ಹೊಲಕ್ಕೆ ಕೂಲಿಗೆ ಹೋಗುವ ಮಹಿಳೆ ಬೆಳಿಗ್ಗೆ ಮತ್ತು ರಾತ್ರಿ ಮನೆಯಲ್ಲಿ ಸೇವಿಸುತ್ತಾರೆ. ಮಧ್ಯಾಹ್ನದ ಗುಳಿಗೆ ಮನೆಯಲ್ಲಿಯೇ ಉಳಿಯುತ್ತದೆ. ರೊಟ್ಟಿ ಬುತ್ತಿಯೊಂದಿಗೆ ಅದನ್ನೂ ಕಟ್ಟಿಕೊಳ್ಳುವಂತೆ ಹೇಳುವುದು ಅಥವಾ ಸಾಧ್ಯವಿದ್ದಲ್ಲಿ ಎರಡು ಹೊತ್ತಿಗೆ ಸಾಕಾಗುವ ಔಷಧವನ್ನು ಸೂಚಿಸುವುದು ವೈದ್ಯರು ರೋಗಿಯ ದಿನಚರಿಯನ್ನು ಕೇಳಿದಾಗ ಮಾತ್ರ ಸಾಧ್ಯವಾಗುತ್ತದೆ.

ಆರೋಗ್ಯ ಸಿಬ್ಬಂದಿ ಅನುಸರಿಸಬೇಕಾದ ಕ್ರಮಗಳು

ತಿರುಗಿ ಹೇಳಿಸುವುದು: "ತಿಳೀತಾ?" ಎಂದು ಕೇಳಿದರೆ ತಿಳಿಯದವರೂ ಸಂಕೋಚದಿಂದ "ಹೂಂರಿ" ಎನ್ನುತ್ತಾರೆ. ಇದರಿಂದ ಯಾವ ಪ್ರಯೋಜನವೂ ಇಲ್ಲ. ಬದಲಾಗಿ, "ಮನೆಗೆ ಹೋದ ಮ್ಯಾಲೆ ಈ ಗುಳಿಗಿ ಹ್ಯಾಂಗ ತಗೋತೀರಿ, ನನಗೊಮ್ಮೆ ಹೇಳ್ರಿ" ಎಂದು ಕೇಳತಕ್ಕದ್ದು. ರೋಗಿಯು ತಮ್ಮದೇ ಮಾತಿನಲ್ಲಿ ಹೇಳಿದಾಗ ಎಲ್ಲಿ ತಪ್ಪಾಗಿದೆಯೆಂಬುದು ಕೂಡಲೇ ಗೊತ್ತಾಗುತ್ತದೆ. ಇದು ರೋಗಿಗೆ ಒಡ್ಡುವ ಪರೀಕ್ಷೆಯಲ್ಲ, ಸಿಬ್ಬಂದಿ ಸರಿಯಾಗಿ ತಿಳಿಸಿದ್ದಾರೆಯೇ ಎಂಬುದರ ಪರೀಕ್ಷೆ. ತಪ್ಪು ಕಂಡುಬಂದಲ್ಲಿ ಗದರಿಸದೆ ಬೇರೆ ಮಾತಿನಲ್ಲಿ ಮತ್ತೊಮ್ಮೆ ವಿವರಿಸಬೇಕು.

ಒಂದು ಭೇಟಿಯಲ್ಲಿ ಕೆಲವೇ ಮಾತು: ಎಲ್ಲವನ್ನೂ ಒಂದೇ ದಿನ ಹೇಳಿದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಔಷಧ ಸೇವಿಸುವ ವಿಧಾನ, ಅಪಾಯದ ಲಕ್ಷಣ ಮತ್ತು ಮುಂದಿನ ಭೇಟಿಯ ದಿನ ಈ ಮೂರನ್ನು ಪ್ರತಿ ಸಲವೂ ಹೇಳತಕ್ಕದ್ದು. ಪಥ್ಯ, ನಡಿಗೆ, ತಂಬಾಕು ತ್ಯಜಿಸುವುದು, ಪಾದಗಳ ಆರೈಕೆ ಮುಂತಾದವುಗಳನ್ನು ಒಂದೊಂದಾಗಿ ಮುಂದಿನ ಭೇಟಿಗಳಲ್ಲಿ ತಿಳಿಸಬಹುದು.

ಓದಲಾರದವರಿಗೆ ಗುರುತು: ಗುಳಿಗೆಯ ಪೊಟ್ಟಣದ ಮೇಲೆ ಬೆಳಗಿನ ಹೊತ್ತಿಗೆ ಸೂರ್ಯನ ಚಿತ್ರ, ರಾತ್ರಿಗೆ ಚಂದ್ರನ ಚಿತ್ರ ಬರೆಯಬಹುದು. ಮುಂದಿನ ಭೇಟಿಯನ್ನು ದಿನಾಂಕದಲ್ಲಿ ಮಾತ್ರ ಹೇಳದೆ ಅಮಾವಾಸ್ಯೆ, ಹುಣ್ಣಿಮೆ, ಸಂತೆಯ ದಿನ ಅಥವಾ ಸಂಕ್ರಾಂತಿಯ ಮೈಲಾಪುರ ಜಾತ್ರೆಯಂತಹ ಎಲ್ಲರಿಗೂ ಗೊತ್ತಿರುವ ದಿನಕ್ಕೆ ಹೊಂದಿಸಿ ಹೇಳಿದರೆ ನೆನಪಿನಲ್ಲಿ ಉಳಿಯುತ್ತದೆ.

ರೋಗಿಯೊಂದಿಗೆ ನೇರ ಮಾತು: ಮಹಿಳೆಯರು ಮತ್ತು ವೃದ್ಧರ ಪರವಾಗಿ ಜೊತೆಯಲ್ಲಿ ಬಂದವರೇ ಉತ್ತರಿಸುವುದು ಸಾಮಾನ್ಯ. ಮನೆಯವರ ನೆರವು ಅಗತ್ಯವೇ ಆದರೂ ಗುಳಿಗೆ ಸೇವಿಸಬೇಕಾದವರು ರೋಗಿಯೇ ಆದುದರಿಂದ ಅವರೊಂದಿಗೇ ಮಾತನಾಡಬೇಕು. ಕ್ಷಯ, ಎಚ್.ಐ.ವಿ., ಮಾನಸಿಕ ಕಾಯಿಲೆ ಮುಂತಾದ ವಿಷಯಗಳನ್ನು ಸಾಲಿನಲ್ಲಿ ನಿಂತ ಇತರರಿಗೆ ಕೇಳಿಸುವಂತೆ ಹೇಳಬಾರದು. ಎಚ್.ಐ.ವಿ. ಕುರಿತಾದ ಗೋಪ್ಯತೆಗೆ 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯ ರಕ್ಷಣೆ ಇರುತ್ತದೆ.

ಈ ಕೌಶಲ್ಯಗಳು ವೈದ್ಯಕೀಯ ಶಿಕ್ಷಣದ ಭಾಗವೂ ಆಗಿವೆ. 2019ರಿಂದ ದೇಶದ ವೈದ್ಯಕೀಯ ಕಾಲೇಜುಗಳ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ ಮತ್ತು ರೋಗಿಗಳೊಂದಿಗಿನ ಮಾತುಕತೆಯ ತರಬೇತಿಯನ್ನು ಸೇರಿಸಲಾಗಿದ್ದು, ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಅವಕಾಶ ಕಲ್ಪಿಸಲಾಗಿದೆ. 2022-23ನೇ ಸಾಲಿನಲ್ಲಿ ಮೊದಲ ತಂಡದ ಪ್ರವೇಶ ಪಡೆದ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವಿದ್ಯಾರ್ಥಿಗಳಿಗೂ ಈ ಪಠ್ಯಕ್ರಮವೇ ಅನ್ವಯವಾಗುತ್ತದೆ.

ರೋಗಿಗಳು ಆಸ್ಪತ್ರೆಗೆ ಬರುವಾಗ ತರಬೇಕಾದವುಗಳು

1. ಹಿಂದಿನ ಎಲ್ಲ ಔಷಧ ಚೀಟಿಗಳು, ಚಿಕಿತ್ಸಾ ಕಾರ್ಡು ಮತ್ತು ಪರೀಕ್ಷೆಗಳ ವರದಿಗಳು. ಇವುಗಳನ್ನು ಒಂದೇ ಚೀಲದಲ್ಲಿ ಇರಿಸಿಕೊಳ್ಳುವುದು ಉತ್ತಮ.
2. ಈಗ ಸೇವಿಸುತ್ತಿರುವ ಎಲ್ಲ ಗುಳಿಗೆಗಳು, ಖಾಲಿಯಾದ ಪಟ್ಟಿಗಳು ಸಹಿತ. ಖಾಸಗಿ ವೈದ್ಯರು ಅಥವಾ ನಾಟಿ ವೈದ್ಯರು ನೀಡಿದ ಔಷಧವನ್ನೂ ತರಬೇಕು ಮತ್ತು ಮುಚ್ಚಿಡಬಾರದು.
3. ಆಧಾರ್ ಹಾಗೂ ಪಡಿತರ ಚೀಟಿ. ಆಭಾ ಸಂಖ್ಯೆ ಪಡೆದಿದ್ದಲ್ಲಿ ಅದನ್ನೂ ತರುವುದು. ಈ ಸಂಖ್ಯೆ 14 ಅಂಕಿಗಳದ್ದಾಗಿದ್ದು, ಅದನ್ನು ಪಡೆಯುವುದು ಐಚ್ಛಿಕ.
4. ಸಾಧ್ಯವಿದ್ದಲ್ಲಿ ಮನೆಯಲ್ಲಿ ಔಷಧ ನೀಡುವವರು ಅಥವಾ ಅಡುಗೆ ಮಾಡುವವರು ಒಬ್ಬರು ಜೊತೆಯಲ್ಲಿ ಬರುವುದು.

ರಕ್ತದೊತ್ತಡ ಮಾಪನಕ್ಕೆ ಮುನ್ನ ಅರ್ಧ ಗಂಟೆ ಚಹಾ, ಬೀಡಿ, ತಂಬಾಕು ಸೇವಿಸಬಾರದು ಮತ್ತು 5 ನಿಮಿಷ ವಿಶ್ರಾಂತಿ ಪಡೆದು ಕುಳಿತಿರಬೇಕು. ಗುಳಿಗೆ ಬಿಟ್ಟ ದಿನಗಳಿದ್ದಲ್ಲಿ ಅದನ್ನು ಮರೆಮಾಚದೆ ಹೇಳುವುದು ಅತ್ಯವಶ್ಯ. ಬಿಟ್ಟಿರುವುದು ತಿಳಿಯದಿದ್ದಲ್ಲಿ ವೈದ್ಯರು ಔಷಧ ಸಾಲದೆಂದು ಭಾವಿಸಿ ಪ್ರಮಾಣವನ್ನು ಹೆಚ್ಚಿಸುವ ಸಾಧ್ಯತೆ ಇರುತ್ತದೆ.

ಕೇಳಿ ತಿಳಿಯಬೇಕಾದ ಪ್ರಶ್ನೆಗಳು

ಕೆಳಕಂಡ ಪ್ರಶ್ನೆಗಳನ್ನು ಕೇಳಲು ಯಾವ ರೋಗಿಯೂ ಸಂಕೋಚಪಡಬೇಕಾಗಿಲ್ಲ. ವೈದ್ಯರಿಗೆ ಸಮಯವಿಲ್ಲದಿದ್ದಲ್ಲಿ ಶುಶ್ರೂಷಕರು, ಔಷಧ ವಿತರಕರು ಅಥವಾ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ಕೇಳಬಹುದು.

1. ಈ ಕಾಯಿಲೆಯ ಹೆಸರೇನು? ಇದು ಪೂರ್ಣ ವಾಸಿಯಾಗುವುದೇ ಅಥವಾ ಹತೋಟಿಯಲ್ಲಿಡಬೇಕಾದುದೇ?
2. ಯಾವ ಗುಳಿಗೆ ಯಾವುದಕ್ಕೆ? ಊಟಕ್ಕೆ ಮೊದಲೇ ಅಥವಾ ನಂತರವೇ? ಎಷ್ಟು ದಿನ?
3. ಈ ಗುಳಿಗೆಯಿಂದ ದೇಹದಲ್ಲಿ ಏನು ಬದಲಾವಣೆ ಕಾಣಬಹುದು? ಯಾವುದಕ್ಕೆ ಹೆದರಬೇಕಾಗಿಲ್ಲ, ಯಾವುದಕ್ಕೆ ಕೂಡಲೇ ಬರಬೇಕು?
4. ಒಂದು ಹೊತ್ತು ಮರೆತರೆ ಏನು ಮಾಡಬೇಕು?
5. ಗುಳಿಗೆಯ ಬಣ್ಣ ಅಥವಾ ಪಟ್ಟಿ ಬದಲಾಗಿದ್ದರೆ ಅದು ಹಳೆಯ ಔಷಧವೇ, ಹೊಸದೇ? ಮನೆಯಲ್ಲಿರುವ ಹಳೆಯ ಗುಳಿಗೆಯನ್ನು ನಿಲ್ಲಿಸಬೇಕೇ?
6. ಮುಂದೆ ಯಾವಾಗ ಬರಬೇಕು? ಊರಿನಲ್ಲಿ ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು?

ಉತ್ತರ ದೊರೆತ ನಂತರ ಅದನ್ನು ಸಿಬ್ಬಂದಿಗೆ ತಾವಾಗಿಯೇ ಒಮ್ಮೆ ತಿರುಗಿ ಹೇಳುವುದು ಉತ್ತಮ ರೂಢಿ. ಯಾರೂ ಕೇಳದಿದ್ದರೂ ರೋಗಿಯು ಇದನ್ನು ಮಾಡಬಹುದು.

ಮನೆಯ ಬಾಗಿಲಿನಲ್ಲಿ ದೊರೆಯುವ ನೆರವು

ಗ್ರಾಮದ ಆಶಾ ಕಾರ್ಯಕರ್ತೆಯರು ಮತ್ತು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು ರೋಗಿಯ ಭಾಷೆ, ಮನೆ ಮತ್ತು ದಿನಚರಿಯನ್ನು ಬಲ್ಲವರಾಗಿರುತ್ತಾರೆ. 30 ವರ್ಷ ಮೇಲ್ಪಟ್ಟವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಹಾಗೂ ಕೆಲವು ಕ್ಯಾನ್ಸರ್‌ಗಳ ತಪಾಸಣೆಗೆ ಜನರನ್ನು ಗುರುತಿಸುವ ಕೆಲಸವೂ ಆಶಾ ಕಾರ್ಯಕರ್ತೆಯರದ್ದಾಗಿದೆ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಇ-ಸಂಜೀವಿನಿ ಮೂಲಕ ದೂರದ ವೈದ್ಯರೊಂದಿಗೆ ಮಾತನಾಡುವಾಗ ಸಮುದಾಯ ಆರೋಗ್ಯ ಅಧಿಕಾರಿಯ ಜೊತೆಗೆ ರೋಗಿಯೂ ನೇರವಾಗಿ ತಮ್ಮ ತೊಂದರೆಯನ್ನು ಹೇಳಬಹುದು. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯನ್ನು 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ, 2025ರಲ್ಲಿ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಮನೆಗೆ ಬರುವ ತಂಡವು ಔಷಧ ನೀಡಿದಾಗಲೂ ಮೇಲಿನ ಪ್ರಶ್ನೆಗಳನ್ನು ಕೇಳಬಹುದಾಗಿದೆ.

ಗುಳೆ ಹೋಗುವವರಿಗೆ ವಿಶೇಷ ಸೂಚನೆ

ಊರು ಬಿಡುವ ಕನಿಷ್ಠ ಒಂದು ವಾರ ಮೊದಲು ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು. ಕ್ಷಯರೋಗಿಗಳ ಹೆಸರು ನಿಕ್ಷಯ್ ವ್ಯವಸ್ಥೆಯಲ್ಲಿ ನೋಂದಣಿಯಾಗಿರುವುದರಿಂದ, ನಿಕ್ಷಯ್ ಸಂಖ್ಯೆಯ ಆಧಾರದ ಮೇಲೆ ಬೇರೆ ಊರಿನ ಅಥವಾ ಬೇರೆ ರಾಜ್ಯದ ಸರ್ಕಾರಿ ಕೇಂದ್ರಕ್ಕೆ ಚಿಕಿತ್ಸೆಯನ್ನು ವರ್ಗಾಯಿಸಬಹುದು. ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ನೀಡುವ ನೆರವನ್ನು 2024ರ ನವೆಂಬರ್ 1ರಿಂದ ತಿಂಗಳಿಗೆ 500 ರೂಪಾಯಿಗಳಿಂದ 1,000 ರೂಪಾಯಿಗಳಿಗೆ ಹೆಚ್ಚಿಸಲಾಗಿದ್ದು, ಮೊತ್ತವನ್ನು ಬ್ಯಾಂಕ್ ಖಾತೆಗೆ ಜಮಾ ಮಾಡಲಾಗುತ್ತದೆ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯವರು ಚಿಕಿತ್ಸಾ ಕಾರ್ಡನ್ನು ಕಡ್ಡಾಯವಾಗಿ ಜೊತೆಯಲ್ಲಿ ಒಯ್ಯಬೇಕು. ಇನ್ಸುಲಿನ್ ಬಳಸುವವರು ಶೀತಲಪೆಟ್ಟಿಗೆ ಇಲ್ಲದ ಕಡೆ ಅದನ್ನು ತಂಪಾದ ಮಣ್ಣಿನ ಗಡಿಗೆಯ ವ್ಯವಸ್ಥೆಯಲ್ಲಿ, ನೀರು ತಾಗದಂತೆ, ಬಿಸಿಲಿನಿಂದ ದೂರವಿರಿಸುವ ವಿಧಾನವನ್ನು ಸಿಬ್ಬಂದಿಯಿಂದ ಕೇಳಿ ತಿಳಿದುಕೊಳ್ಳುವುದು.

ರೋಗಿಗಳ ಹಕ್ಕುಗಳು

ರೋಗಿಗೆ ತಮ್ಮ ಕಾಯಿಲೆ, ಅದರ ಚಿಕಿತ್ಸೆ ಮತ್ತು ವೆಚ್ಚದ ಬಗ್ಗೆ ಮಾಹಿತಿ ಪಡೆಯುವುದು, ತಮ್ಮ ದಾಖಲೆಗಳ ಪ್ರತಿ ಪಡೆಯುವುದು, ಗೋಪ್ಯತೆ ಹಾಗೂ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಸೇರಿವೆ. ವಿವರಣೆಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ನೀಡಬೇಕೆಂದು ಅದರಲ್ಲಿ ಹೇಳಲಾಗಿದೆ. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಯಂತೆ ರೋಗಿ ಅಥವಾ ಅಧಿಕೃತ ವ್ಯಕ್ತಿ ಕೇಳಿದಲ್ಲಿ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗಾಗಿ ನೀಡತಕ್ಕದ್ದು. ಔಷಧದ ಮೂಲ ಹೆಸರನ್ನು ಸ್ಪಷ್ಟವಾದ ಅಕ್ಷರಗಳಲ್ಲಿ ಬರೆಯಬೇಕೆಂದು 2016ರ ತಿದ್ದುಪಡಿಯು ಸೂಚಿಸುತ್ತದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಮಾಡಲಾದ ತಿದ್ದುಪಡಿಯ ಮೂಲಕ ಖಾಸಗಿ ಆಸ್ಪತ್ರೆಗಳಿಗೂ ರೋಗಿಗಳ ಸನ್ನದನ್ನು ಅನ್ವಯಿಸಲಾಗಿದೆ.

ದೂರು ಮತ್ತು ಸಹಾಯ

ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಿಳಿವಳಿಕೆ ದೊರೆಯದಿದ್ದಲ್ಲಿ ಮೊದಲು ಆಡಳಿತ ವೈದ್ಯಾಧಿಕಾರಿಗಳನ್ನು, ನಂತರ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು, ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳನ್ನು ಸಂಪರ್ಕಿಸಬಹುದು. ಖಾಸಗಿ ಆಸ್ಪತ್ರೆಗಳ ಕುರಿತಾದ ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಬರೆಯಲು ಬಾರದವರು ಬೇರೊಬ್ಬರಿಂದ ದೂರನ್ನು ಬರೆಯಿಸಿ ಹೆಬ್ಬೆಟ್ಟಿನ ಗುರುತು ಹಾಕಿ ನೀಡಬಹುದು. ಸಾರ್ವಜನಿಕ ಕುಂದುಕೊರತೆಗಳಿಗೆ 1902, ಕ್ಷಯರೋಗದ ಮಾಹಿತಿಗೆ 1800-11-6666, ಮಾನಸಿಕ ಆರೋಗ್ಯದ ನೆರವಿಗೆ 14416 ಮತ್ತು ತುರ್ತು ವಾಹನಕ್ಕೆ 108 ಸಂಖ್ಯೆಗೆ ಕರೆ ಮಾಡಬಹುದಾಗಿದೆ.

ಎದೆನೋವು, ಮುಖ ಸೊಟ್ಟಗಾಗುವುದು, ಕೈಕಾಲಿನ ಒಂದು ಭಾಗ ಬಲಹೀನವಾಗುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು ಮುಂತಾದ ಲಕ್ಷಣಗಳು ಕಂಡಲ್ಲಿ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಬರತಕ್ಕದ್ದು. ಸಕ್ಕರೆ ಕಾಯಿಲೆಯವರಲ್ಲಿ ಇದ್ದಕ್ಕಿದ್ದಂತೆ ಬೆವರು, ನಡುಕ, ಹಸಿವು ಅಥವಾ ತಲೆಸುತ್ತು ಕಂಡರೆ, ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆಯನ್ನು ಬಾಯಿಗೆ ನೀಡಿ ನಂತರ ಆಸ್ಪತ್ರೆಗೆ ಕರೆತರುವುದು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.

ಆಸ್ಪತ್ರೆಯಿಂದ ಹೊರಡುವ ಮುನ್ನ ಯಾವ ಗುಳಿಗೆ, ಯಾವ ಹೊತ್ತು, ಯಾತಕ್ಕಾಗಿ, ಮತ್ತೆ ಯಾವಾಗ ಎಂಬ ನಾಲ್ಕು ಮಾತುಗಳನ್ನು ರೋಗಿಯು ತಾವೇ ಹೇಳಬಲ್ಲವರಾಗಿದ್ದರೆ ಆ ದಿನದ ಭೇಟಿ ಪೂರ್ಣವಾದಂತೆ. ಹೇಳಲಾಗದಿದ್ದಲ್ಲಿ ಮತ್ತೊಮ್ಮೆ ಕೇಳಿಕೊಂಡೇ ಹೊರಡುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.